ನನ್ನ ಷೇರುಗಳ ಹೊಗೆ

ಯಾರೂ ಇಲ್ಲದ ಕೋಣೆಯಲ್ಲಿ ಬಲ್ಬು ಉರಿಯುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಇದು ಗುಣವೋ ಕಾಯಿಲೆಯೋ ಎಂಬ ಬಗ್ಗೆ ನನಗೂ ನನ್ನ ಹೆಂಡತಿ ಶಾರದೆಗೂ ಇಂದಿನವರೆಗೆ ಒಮ್ಮತ ಮೂಡಿಲ್ಲ. ಅಂಕೋಲೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು, ಭೂಮಿ ಬಿಸಿಯಾಗುತ್ತಿದೆಯೆಂದು ಪತ್ರಿಕೆಗಳು ಬರೆಯತೊಡಗಿದ ಮೇಲಂತೂ ಸ್ವಿಚ್ಚು ಆರಿಸುವುದನ್ನೇ ವ್ರತವಾಗಿ ಹಿಡಿದೆ. ಅವರ್ಸಾದ ನಮ್ಮ ಮನೆಯಲ್ಲಿ ನೆಂಟರು ಬಚ್ಚಲೊಳಗೆ ಇದ್ದಾಗಲೇ ಎರಡು ಸಲ ದೀಪ ಆರಿಸಿದ್ದೇನೆ. ಅವರು ಮತ್ತೆ ಬಂದಿಲ್ಲ.

ಇಂಥ ಮನುಷ್ಯನನ್ನು ಭಾಷಣಕ್ಕೆ ಕರೆಯುವುದು ಸಹಜವೇ. ನಮ್ಮ ಕರಾವಳಿಯಲ್ಲಿ ಕಲ್ಲಿದ್ದಲು ಉರಿಸಿ ಕರೆಂಟು ಮಾಡುವ ಕಾರ್ಖಾನೆ ಬರುತ್ತದಂತೆ ಎಂಬ ಸುದ್ದಿ ಎರಡು ಸಾವಿರದ ದಶಕದ ಕೊನೆಯ ಹೊತ್ತಿಗೆ ಎದ್ದಿತು. ಪಕ್ಕದ ಹಾರವಾಡದ ಮೀನುಗಾರರು ಶಾಲೆಯ ಅಂಗಳದಲ್ಲಿ ಸಭೆ ಸೇರಿಸಿ, ಹೊಗೆಯ ವಿಷಯ ತಿಳಿಸಿ ಹೇಳಲು ನನ್ನನ್ನು ಕರೆದರು. ನಾನು ಮುಕ್ಕಾಲು ಗಂಟೆ ಮಾತಾಡಿದೆ. ಇಂಗಾಲ, ಕಡಲು, ಮೀನಿನ ಮರಿ ಯಾವುದನ್ನೂ ಬಿಡಲಿಲ್ಲ. ಕೊನೆಗೆ, ಯಾರಿಗಾದರೂ ಪ್ರಶ್ನೆಯಿದ್ದರೆ ಕೇಳಬಹುದು ಎಂದೆ. ಅದೊಂದನ್ನು ಅನ್ನಬಾರದಿತ್ತು.

ಎದ್ದು ನಿಂತವಳು ನಾಗಮ್ಮ. ದಿನಾ ಬೆಳಿಗ್ಗೆ ನಮ್ಮ ಮನೆಗೆ ಬುಟ್ಟಿ ಹೊತ್ತು ಬಂಗಡೆ ಮೀನು ತರುವವಳು. ನಮ್ಮಲ್ಲಿ ಸೇರಿದ ಹಳೇ ಕಾಗದಗಳನ್ನೆಲ್ಲ ಶಾರದೆ ಅವಳಿಗೇ ಕೊಡುವುದು.

"ಮಾಸ್ತರ್ರೆ, ನಿಮ್ಮನೆಯಿಂದ ತಕಂಡೋದ ಹೊಳೆಯೋ ಪುಸ್ತಕ ಬಿಚ್ಚಿ ನಮ್ಮ ಮೊಮ್ಮಗಳು ಶಾಲೆ ಪುಸ್ತಕಕ್ಕೆ ಬೈಂಡು ಹಾಕ್ಕಂಡದೆ. ಅದರ ಮೇಲೆ ಇಷ್ಟೆತ್ತರದ ನಾಕು ಚಿಮಣಿ ಅದೆ. ಅದು ಯಾರ ಕಾರ್ಖಾನೆ?"

ಅದು ಒಂದು ವಿದ್ಯುತ್ ಕಂಪನಿಯ ವಾರ್ಷಿಕ ವರದಿ. ಷೇರು ಇಟ್ಟುಕೊಂಡವರಿಗೆಲ್ಲ ವರ್ಷಕ್ಕೊಮ್ಮೆ ಅಂಚೆಯಲ್ಲಿ ಬರುತ್ತದೆ. ನನ್ನ ಬಳಿ ಐದು ಕಂಪನಿಗಳ ಷೇರುಗಳಿದ್ದವು: ವಿದ್ಯುತ್ತು, ಸಿಮೆಂಟು, ಉಕ್ಕು, ಬಿಸ್ಕೀಟು, ಒಂದು ಬ್ಯಾಂಕು. ಷೇರು ಅಂದರೆ ಪಾಲು, ಪಾಲಿದ್ದವನು ಮಾಲೀಕ. ಇದನ್ನು ನಾಗಮ್ಮನಿಗೆ ಬಿಡಿಸಿ ಹೇಳುವ ಹೊತ್ತಿಗೆ ನನಗೆ ಬೆವರು ಬಂದಿತ್ತು.

"ಹಂಗಾರೆ ಆ ಚಿಮಣಿ ಸ್ವಲ್ಪ ನಿಮ್ದೂ ಆತು. ಅದ್ರಲ್ಲಿ ನಿಮ್ಮ ಹೊಗೆ ಎಷ್ಟು?" ಎಂದಳು. ಅವಳ ಮುಖದಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಮೀನಿನ ದರ ಹೇಳುವ ದನಿಯಲ್ಲೇ ಕೇಳಿದ್ದಳು. ಸಭೆ ಮಾತ್ರ ಗೊಳ್ಳೆಂದು ನಕ್ಕಿತು. "ಅಳೆದು ಹೇಳ್ತೇನೆ" ಎಂದು ನಾನು ಕೂತೆ.

ಅಳೆಯುವುದು ಹೇಗೆ? ಪತ್ರಿಕೆಗಳಲ್ಲಿ 'ಇಂಗಾಲದ ಹೆಜ್ಜೆಗುರುತು', ಅಂದರೆ ಒಬ್ಬೊಬ್ಬರ ಪಾಲಿನ ಹೊಗೆಯ ಲೆಕ್ಕ, ಎಂಬ ಮಾತು ಆಗಷ್ಟೇ ಬರುತ್ತಿತ್ತು. ಆದರೆ ಅಲ್ಲಿದ್ದುದು ವಿಮಾನ ಹತ್ತುವವರ ಹೆಜ್ಜೆಯ ಲೆಕ್ಕ. ಕಾರವಾರದ ಸೈಬರ್ ಕೆಫೆಯಲ್ಲಿ ಎರಡು ಶನಿವಾರ ಕೂತು ಹುಡುಕಿದಾಗ, ಹೊರದೇಶಗಳಲ್ಲಿ ಕೆಲವರು ತಮ್ಮ ಹೂಡಿಕೆಯ ಹೆಜ್ಜೆಯನ್ನೂ ಅಳೆಯುತ್ತಾರೆಂದು ತಿಳಿಯಿತು. ವಿಧಾನ ಏಳನೇ ಇಯತ್ತೆಯ ಲೆಕ್ಕದಷ್ಟೇ ಸರಳ. ಕಂಪನಿ ಬಿಟ್ಟ ಹೊಗೆಯನ್ನು ಅದರ ಒಟ್ಟು ಷೇರುಗಳಿಂದ ಭಾಗಿಸಿ, ನಮ್ಮ ಷೇರುಗಳಿಂದ ಗುಣಿಸಿದರೆ ನಮ್ಮ ಪಾಲು ಸಿಗುತ್ತದೆ. ವಾರ್ಷಿಕ ವರದಿಗಳ ಹಿಂಬದಿಯಲ್ಲಿ, ಇರುವೆಯಂಥ ಅಕ್ಷರಗಳಲ್ಲಿ, ಆ ವರ್ಷ ಉರಿಸಿದ ಕಲ್ಲಿದ್ದಲು ಮತ್ತು ಎಣ್ಣೆಯ ಲೆಕ್ಕ ಕೊಟ್ಟಿರುತ್ತಾರೆ. ಹದಿನೈದು ವರ್ಷ ಷೇರು ಇಟ್ಟುಕೊಂಡೂ ನಾನು ಆ ಪುಟ ತೆರೆದವನಲ್ಲ. ಹನ್ನೆರಡು ಪಾಲು ಇಂಗಾಲ ಉರಿದರೆ ನಲವತ್ನಾಲ್ಕು ಪಾಲು ಅನಿಲ ಆಗುತ್ತದೆಂದು ಪ್ರತಿ ವರ್ಷ ಮಕ್ಕಳಿಗೆ ಕಲಿಸುವವನು, ಆ ಪಾಠವನ್ನು ಮೊದಲ ಸಲ ನನಗೇ ಹೇಳಿಕೊಂಡೆ.

ಸಿಮೆಂಟು, ಉಕ್ಕು, ಬಿಸ್ಕೀಟು ಮುಗಿದವು. ಬ್ಯಾಂಕು ಏನನ್ನೂ ಉರಿಸುವುದಿಲ್ಲವಲ್ಲ ಎಂದು ಸಂತೋಷದಿಂದ ಸೊನ್ನೆ ಬರೆದೆ. ಪಕ್ಕದಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಶಾರದೆ ಇಣುಕಿ ನೋಡಿದಳು.

"ನಾ ಕಟ್ಟಿಗೆ ಕೊಡ್ತೆ, ಆಚೆಮನೆಯವ್ರು ಒಲೆ ಹಚ್ತಾರೆ. ಹೊಗೆಗೂ ನಂಗೂ ಸಂಬಂಧ ಇಲ್ಲ ಅಂದ್ರೆ ಆತಾ? ಬ್ಯಾಂಕು ಸಾಲ ಕೊಟ್ಟದ್ದು ಯಾರಿಗೆ, ಅದು ನೋಡಿ."

ಅದನ್ನು ನೋಡುವ ದಾರಿ ನನಗಿರಲಿಲ್ಲ. ಸೊನ್ನೆ ಹೊಡೆದುಹಾಕಿ 'ತಿಳಿಯದು' ಎಂದು ಬರೆದೆ.

ನಿಜವಾದ ತೊಡಕು ಬಂದದ್ದು ನಾಲ್ಕು ಚಿಮಣಿಯ ಕಂಪನಿಯಿಂದ. ಎಲ್ಲರಿಗಿಂತ ಹೆಚ್ಚು ಕಲ್ಲಿದ್ದಲು ಉರಿಸುವ ಅದರ ವರದಿಯಲ್ಲಿ, ಕಲ್ಲಿದ್ದಲಿನ ಕಾಲಮಿನ ಎದುರಿಗೆ 'ಅನ್ವಯಿಸುವುದಿಲ್ಲ' ಎಂದಿತ್ತು. ಕಾಗದ ಬರೆದೆ. ಉತ್ತರವಾಗಿ, ಗಿಡ ನೆಡುತ್ತಿರುವ ಅಧಿಕಾರಿಗಳ ಬಣ್ಣದ ಫೋಟೋ ಬಂತು. ಮತ್ತೆ ಬರೆದೆ. ವಿಳಾಸ ಬದಲಾವಣೆಯ ಅರ್ಜಿ ಬಂತು. ನಮ್ಮೂರಿನ ಪೋಸ್ಟ್‌ಮನ್ ನನ್ನನ್ನು ಕಂಡಾಗಲೆಲ್ಲ "ಬಂತ್ರಾ ಹೊಗೆ?" ಎಂದು ಕೇಳತೊಡಗಿದ. ಮೂರನೆಯ ಕಾಗದದಲ್ಲಿ ವಿನಂತಿ ಬಿಟ್ಟುಬಿಟ್ಟೆ. "ನಾನು ಈ ಕಂಪನಿಯ ಮಾಲೀಕರಲ್ಲೊಬ್ಬ. ನನ್ನ ಒಲೆಯಲ್ಲಿ ಎಷ್ಟು ಉರಿದಿದೆಯೆಂದು ನನ್ನ ಮನೆಗೆ ಮೀನು ಕೊಡುವಾಕೆ ಕೇಳಿದ್ದಾರೆ. ಅವರಿಗೆ ನಾನು ಉತ್ತರ ಕೊಡಬೇಕಾಗಿದೆ" ಎಂದು ಬರೆದು, ರಿಜಿಸ್ಟರ್ ಮಾಡಿಸಿದೆ.

ಒಂದೂವರೆ ತಿಂಗಳಿಗೆ ಕಂಪನಿಯ ಕಾರ್ಯದರ್ಶಿಯ ಸಹಿಯುಳ್ಳ ಕಾಗದ ಬಂತು. ಎರಡೇ ಸಾಲು, ಆದರೆ ಎರಡನೆಯ ಸಾಲಿನಲ್ಲಿ ಅಂಕಿ ಇತ್ತು. ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದ ಹುಡುಗನಂತೆ ಅದನ್ನು ಸ್ಟಾಫ್ ರೂಮಿನಲ್ಲೆಲ್ಲ ತೋರಿಸಿದೆ.

ಮನೆಯಲ್ಲಿ ಕೂಡಿಸಿ ನೋಡಿದಾಗ ಮಾತ್ರ ಆ ಹಿಗ್ಗು ಇಳಿಯಿತು. ನಮ್ಮ ಗ್ಯಾಸು, ಸ್ಕೂಟರು, ಬಲ್ಬುಗಳೆಲ್ಲ ಸೇರಿ ವರ್ಷಕ್ಕೆ ಒಂದೂವರೆ ಟನ್. ನನ್ನ ಷೇರುಗಳದ್ದು, ಬ್ಯಾಂಕು ಬಿಟ್ಟೂ, ಹತ್ತೊಂಬತ್ತು ಟನ್. ಅದರಲ್ಲಿ ಹೆಚ್ಚಿನ ಪಾಲು ಆ ನಾಲ್ಕು ಚಿಮಣಿಗಳದ್ದು. ಶಾರದೆ ಕಾಗದವನ್ನು ಎರಡು ಸಲ ಓದಿದಳು. ಆಮೇಲೆ ಎದ್ದು ಹೋಗಿ ಅಡುಗೆಮನೆ, ಪಡಸಾಲೆ, ಬಚ್ಚಲು, ಎಲ್ಲ ಕಡೆಯ ದೀಪ ಹಚ್ಚಿ ಬಂದು ಕೂತಳು. ನಾನು ಒಂದನ್ನೂ ಆರಿಸಲು ಏಳಲಿಲ್ಲ.

ಮರುದಿನ ನಾಗಮ್ಮನಿಗೆ ಲೆಕ್ಕ ಒಪ್ಪಿಸಿ, ಆ ಚಿಮಣಿ ಕಂಪನಿಯ ಷೇರುಗಳನ್ನು ಮಾರಿಬಿಡುತ್ತೇನೆ ಎಂದೆ.

"ನೀವು ಮಾರಿದ್ರೆ ಚಿಮಣಿ ನಿಲ್ತದ್ಯಾ? ತಕಂಡವ ನಿಮ್ಮಂಗೆ ಕಾಗದ ಬರಿತ್ನಾ?" ಎಂದಳು, ಬಂಗಡೆಯ ಕಿವಿರು ತೆಗೆಯುತ್ತ.

ಹೀಗಾಗಿ ಒಂದೇ ಒಂದು ಷೇರು ಉಳಿಸಿಕೊಂಡೆ, ಕಾಗದ ಬರೆಯುವ ಹಕ್ಕಿಗಾಗಿ. ಉಳಿದವನ್ನು ಮಾರಲು ಕಾರವಾರದ ಬ್ರೋಕರ್ ಕೊಟ್ಟ ಚೀಟಿಗೆ ಶಾರದೆಯ ಸಹಿಯೂ ಬೇಕಿತ್ತು, ಜಂಟಿ ಹೆಸರಾದ್ದರಿಂದ. ಇನ್ನು ಮೇಲೆ ಬಲ್ಬಿನ ಸುದ್ದಿ ಎತ್ತುವುದಿಲ್ಲವೆಂದು ನನ್ನಿಂದ ಮಾತು ಪಡೆದೇ ಅವಳು ಸಹಿ ಹಾಕಿದಳು.

ಮುಂದಿನ ವರ್ಷದ ವರದಿ ಬಂದಾಗ ಹಿಂಬದಿಯ ಪುಟವನ್ನೇ ಮೊದಲು ತೆರೆದೆ. 'ಅನ್ವಯಿಸುವುದಿಲ್ಲ' ಹೋಗಿತ್ತು. ಅಲ್ಲಿ ಕಲ್ಲಿದ್ದಲಿನ ಪೂರ್ತಿ ಲೆಕ್ಕ ಅಚ್ಚಾಗಿತ್ತು. ಹಾರವಾಡದಲ್ಲಿ ಮತ್ತೆ ಸೇರಿದ ಸಭೆಯಲ್ಲಿ ಆ ಪುಟ ಎತ್ತಿ ಹಿಡಿದು ನನ್ನ ಹತ್ತೊಂಬತ್ತು ಟನ್ನನ್ನೂ ಮುಚ್ಚಿಡದೆ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ನಾಗಮ್ಮ ಎದ್ದು ನಿಂತು, "ಮಾಸ್ತರ್ರು ಲೆಕ್ಕ ಕೊಟ್ರು. ಇನ್ನು ಇವ್ರು ಹೇಳದ್ದು ಕೇಳುವಾ" ಎಂದಳು. ನನ್ನ ಜೀವನದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಬಂದಿಲ್ಲ.

ಸುದ್ದಿ ಕಾರವಾರಕ್ಕೂ ಮುಟ್ಟಿತು. ಅಲ್ಲಿನ ಒಂದು ಸಂಘದವರು ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆಂದು ಫೋನು ಮಾಡಿ, "ಬಸ್ಸಿಗೆ ಬರ್ತ್ರೋ, ಕಾರು ಕಳಿಸ್ಬೇಕೋ?" ಎಂದು ಕೇಳಿದರು. ನಮ್ಮ ಮನೆಯ ಮುಂದೆಯೇ ಬಸ್ಸು ನಿಲ್ಲುತ್ತದೆ. ನಾನು ಒಂದು ನಿಮಿಷ ಯೋಚಿಸಿ, ಕಾರು ಕಳಿಸಿ ಎಂದೆ. ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತು, ಗಾಜು ಇಳಿಸಿ, ದಾರಿಯುದ್ದಕ್ಕೂ ಕಂಡವರಿಗೆಲ್ಲ ಕೈ ಬೀಸುತ್ತ ಹೋದೆ. ಆ ಕಾರಿನ ಹೊಗೆ ಯಾರ ಹೆಸರಿಗೆ ಎಂದು ಶಾರದೆ ಕೇಳಿದಾಗ, ಕರೆಸಿದವರ ಹೆಸರಿಗೆ ಎಂದು ಥಟ್ಟನೆ ಹೇಳಿದೆ. ಅಷ್ಟು ಬೇಗ ನನಗೆ ಯಾವ ಲೆಕ್ಕವೂ ಬಿಡಿಸಲು ಬಂದದ್ದಿಲ್ಲ.