ಬನ್ನಣ್ಣ ಪಠ್ಯಕ್ರಮ ಆರಿಸಿದ್ದು

ಬೇಕರಿಯಲ್ಲಿ ಹೊಸ ಬಿಸ್ಕತ್ತು ಒಲೆಯಿಂದ ಹೊರಬಂದರೆ ಬನ್ನಣ್ಣ ಅದನ್ನು ಮೊದಲು ನಾಲ್ಕು ಜನರ ಬಾಯಿಗೆ ಹಾಕುತ್ತಿದ್ದ. ದಾರಿಯಲ್ಲಿ ಹೋಗುವವರನ್ನೂ ಬಿಡುತ್ತಿರಲಿಲ್ಲ. "ತಿಂದು ಹೇಳಿ ಸ್ವಾಮಿ, ಹೇಗಿದೆ?" ಅಂತ ಕೇಳಿ, ಅವರ ಮುಖ ನೋಡಿ, ಆಮೇಲೆ ಸಕ್ಕರೆ ಹೆಚ್ಚೋ ಕಮ್ಮಿಯೋ ತೀರ್ಮಾನ ಮಾಡುತ್ತಿದ್ದ. ಬಿಸ್ಕತ್ತಿನ ಮಟ್ಟಿಗೆ ಇದು ಬಹಳ ಒಳ್ಳೆಯ ಅಭ್ಯಾಸ. ಮಗಳ ಓದಿನ ವಿಷಯದಲ್ಲೂ ಅದನ್ನೇ ಮಾಡಹೊರಟದ್ದು ಶಾಲೆಗೆ ರಜೆಯಿದ್ದ ಆ ಶನಿವಾರದ ಎಲ್ಲ ರಾದ್ಧಾಂತಕ್ಕೂ ಮೂಲ.

ಬನ್ನಣ್ಣನದು ರಾತ್ರಿ ಪಾಳಿ. ಊರು ಮಲಗಿದಾಗ ಹಿಟ್ಟು ನಾದಿ, ಊರು ಏಳುವಾಗ ಮನೆಗೆ ಬಂದು ಬಿದ್ದುಕೊಳ್ಳುವ ಬಾಳು. ಅವನು ಎದ್ದಾಗ ಮಗಳು ಶಾಲೆಯಲ್ಲಿ. ಅವಳು ಶಾಲೆ, ಟ್ಯೂಷನ್ನು ಎಲ್ಲ ಮುಗಿಸಿ ಊಟಕ್ಕೆ ಕೂತಾಗ ಅವನು ಬೇಕರಿಯಲ್ಲಿ. ಒಂಬತ್ತು ವರ್ಷದ ಮಗಳ ಮುಖಕ್ಕಿಂತ ಅವಳ ಬೆನ್ನ ಮೇಲಿನ ಚೀಲವೇ ಅವನಿಗೆ ಹೆಚ್ಚು ಪರಿಚಯವಾಗಿತ್ತು. ಇದು ಅವನ ಹೊಟ್ಟೆಯೊಳಗಿನ ಸಂಕಟ. ಹಾಗಾಗಿ, ಮಕ್ಕಳನ್ನು ಮನೆಯಲ್ಲೇ ಓದಿಸಬಹುದಂತೆ ಎಂದು ಗಿರಾಕಿಯೊಬ್ಬರು ಹೇಳಿದ ಗಳಿಗೆಯಿಂದ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಒಂದಿಷ್ಟು ನಿದ್ದೆ, ಎದ್ದರೆ ಮಗಳು, ಮಧ್ಯಾಹ್ನ ಮಗಳು, ಸಂಜೆವರೆಗೂ ಬರೀ ಮಗಳು! ಇದಕ್ಕಿಂತ ಇನ್ನೇನು ಬೇಕು?

ಬೇಕಾದದ್ದು ಒಂದೇ ಒಂದು, ಪಠ್ಯಕ್ರಮ. ಅದನ್ನು ಆರಿಸುವುದೇ ಆಗಿರಲಿಲ್ಲ.

ಹೆಂಡತಿ ಸಿಟಿ ಬಸ್ಸಿನ ಡ್ರೈವರು. ಅಡ್ಡ ಬಂದವರನ್ನು ದಿನವಿಡೀ ಬಯ್ದು ಅಭ್ಯಾಸವಾಗಿ, ಮನೆಯಲ್ಲೂ ಅವಳ ಮಾತಿಗೆ ಬ್ರೇಕಿರಲಿಲ್ಲ.

"ನೋಡ್ರೀ, ಒಂದು ತಿಂಗಳಿಂದ ಕೇಳಿ ಕೇಳಿ ಸಾಕಾಗಿದೆ. ಇವತ್ತು ಇದು ಚೆನ್ನಾಗಿದೆ ಅಂತೀರ, ನಾಳೆ ಅದು ಚೆನ್ನಾಗಿದೆ ಅಂತೀರ. ಸಂಜೆ ಆರಕ್ಕೆ ನಾನು ಬರೋ ಹೊತ್ತಿಗೆ ಒಂದನ್ನ ಆರಿಸಿರ್ಬೇಕು. ನಮ್ಮನೆಗೆ ಹೊಂದೋ ಅಂಥದ್ದು. ಇಲ್ಲಾಂದ್ರೆ ಸೋಮವಾರ ಅವಳು ಶಾಲೆಗೆ, ನೀವು ಹಾಸಿಗೆಗೆ!"

"ಆರಿಸ್ತೀನಿ ಕಣೇ! ಇವತ್ತು ಆರಿಸೇ ಆರಿಸ್ತೀನಿ!"

"ಮಗಳ ಮೇಲೆ ಕಣ್ಣಿರ್ಲಿ. ನಿಮಗೆ ನಿದ್ದೆ ಬಂತು ಅಂದ್ರೆ ಮನೆ ಎತ್ಕೊಂಡು ಹೋದ್ರೂ ಗೊತ್ತಾಗಲ್ಲ. ಪ್ರತಿ ಟ್ರಿಪ್ಪಿಗೂ ಮನೆ ಮುಂದೆ ಎರಡು ಸಲ ಹಾರ್ನ್ ಹೊಡೀತೀನಿ. ಎಲ್ಲ ಸರಿ ಇದ್ರೆ ಕಿಟಕೀಲಿ ನಿಂತು ಹೆಬ್ಬೆರಳು ತೋರಿಸಿ. ತೋರಿಸಲಿಲ್ಲ ಅಂದ್ರೆ ಬಸ್ಸು ನಿಲ್ಲಿಸಿ ಮೇಲೆ ಬರ್ತೀನಿ, ಜನ ಎಲ್ಲ ಇದ್ದ ಹಾಗೇ!"

ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಬೇಕರಿಯಿಂದ ಬರುವಾಗಲೇ ಬನ್ನಣ್ಣ ಸಿಕ್ಕಸಿಕ್ಕವರಿಗೆಲ್ಲ, "ಇವತ್ತು ನಮ್ಮನೇಲಿ ಪಠ್ಯಕ್ರಮದ ರುಚಿ ನೋಡೋದಿದೆ, ಬಂದು ಹೇಳಿ" ಎಂದು ಕರೆದುಬಿಟ್ಟಿದ್ದ.

ಬಸ್ಸು ಮೊದಲ ಸಲ ಪಾಂ ಪಾಂ ಎಂದಿತು. ಮೂರನೇ ಮಹಡಿಯ ಕಿಟಕಿಯಿಂದ ಕಾಣುವುದು ಬಸ್ಸಿನ ಚಾವಣಿ ಮತ್ತು ಹೊರಗೆ ಚಾಚಿದ ಹೆಂಡತಿಯ ಕೈ, ಅಷ್ಟೇ. ಬನ್ನಣ್ಣ ಉತ್ಸಾಹದಿಂದ ಎರಡೂ ಹೆಬ್ಬೆರಳು ತೋರಿಸಿದ. ಹಿಂದಿನಿಂದ ಢಣ್ ಎಂದಿತು.

ಮೇಲಿನ ಮಹಡಿಯ ಗಂಟೆ ಮೇಷ್ಟ್ರು ಒಳಗೆ ಬಂದಿದ್ದರು. ನಿವೃತ್ತಿಯಾದ ದಿನ ಹಾರ ತುರಾಯಿ ಏನೂ ಬೇಡವೆಂದು ಶಾಲೆಯ ಹಳೇ ಕೈಗಂಟೆಯನ್ನೇ ಕೇಳಿ ತಂದವರು ಅವರು. ಅಂದಿನಿಂದ ಆ ಗಂಟೆಗೂ ಅವರಿಗೂ ಕೆಲಸವಿಲ್ಲದೆ ಇಬ್ಬರೂ ಸೊರಗಿದ್ದರು.

"ಶಿಸ್ತು! ಅದೇ ಪಠ್ಯಕ್ರಮ. ಮಿಕ್ಕಿದ್ದೆಲ್ಲ ಪೊಳ್ಳು. ಎಲ್ಲಿ, ಕೂತ್ಕೋ."

ಮಗಳು ಖುಷಿಯಿಂದ ಕುರ್ಚಿ ಎಳೆದುಕೊಂಡಳು.

"ನೀನಲ್ಲಮ್ಮ. ನಿಮ್ಮಪ್ಪ! ಪಾಠ ಹೇಳೋನ ಮಟ್ಟ ಮೊದಲು ಗೊತ್ತಾಗ್ಬೇಕು. ಬನ್ನಣ್ಣ, ಹದಿನೇಳೊಂಬತ್ತು ಎಷ್ಟು?"

ಬನ್ನಣ್ಣ ಸೂರು ನೋಡಿದ. ಗೋಡೆ ನೋಡಿದ. "ಮೇಷ್ಟ್ರೇ, ಬನ್ನಿನ ಟ್ರೇ ಲೆಕ್ಕದಲ್ಲಿ ಕೇಳಿ, ಟಕ್ಕಂತ ಹೇಳ್ತೀನಿ."

"ನೂರೈವತ್ಮೂರು" ಎಂದು ಮಗಳು ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿದಳು.

"ಹೇಳಿಕೊಡಬಾರದು! ಬನ್ನಣ್ಣ, ಎದ್ದು ನಿಂತ್ಕೋ!"

ಬನ್ನಣ್ಣ ನಿಂತ. ಅಷ್ಟರಲ್ಲಿ ಕೆಳಗಡೆ ಸಸಿ ಮಾರುವ ಗಿಡದಮ್ಮ ಕೈಯಲ್ಲೊಂದು ಕುಂಡ ಹಿಡಿದು ಬಂದರು. ನಿಂತಿದ್ದ ಬನ್ನಣ್ಣನನ್ನು ನೋಡಿ ಅವರ ಕರುಳು ಚುರುಕ್ಕೆಂದಿತು.

"ಅಯ್ಯೋ ಪಾಪ, ಯಾಕಪ್ಪ ಹೀಗೆ ನಿಲ್ಲಿಸಿದಾರೆ ನಿನ್ನ? ಮೇಷ್ಟ್ರೇ, ನಿಮ್ಮಿಂದಾನೇ ಮಕ್ಕಳೆಲ್ಲ ಬಾಡಿಹೋಗಿದ್ದು. ಪುಸ್ತಕ ಬೇಡ, ಗಂಟೆ ಬೇಡ. ಮಗು ಮನಸ್ಸು ಯಾವ ಕಡೆ ಎಳೆಯತ್ತೋ ಅಲ್ಲಿಗೆ ಬಿಡಬೇಕು. ಅಲ್ಲೇ ಪಾಠ. ಬಾ ಬನ್ನಣ್ಣ, ಕೂತ್ಕೋ. ಈ ಎಲೆ ಅಡಿಯಲ್ಲಿ ಯಾವ ಬಣ್ಣ ಇದೆ, ನೋಡಿ ಹೇಳು."

"ಕೂರಬೇಡ!" ಎಂದರು ಮೇಷ್ಟ್ರು.

"ಕೂತ್ಕೋ!" ಎಂದರು ಗಿಡದಮ್ಮ.

ಬನ್ನಣ್ಣ ಕೂರಲೂ ಆಗದೆ ನಿಲ್ಲಲೂ ಆಗದೆ ಮೊಣಕಾಲು ಬಗ್ಗಿಸಿಕೊಂಡು ಎಲೆಯ ಅಡಿಗೆ ಇಣುಕಿದ. ಮಗಳು ಬಂದು ಅಂಗಿಯ ತುದಿ ಹಿಡಿದೆಳೆದಳು.

"ಅಪ್ಪಾ, ಹಾಗಾದ್ರೆ ನನ್ನ ಮನಸ್ಸು ಎಳೆಯೋ ಕಡೆ ನಾನು ಹೋಗ್ಲಾ?"

"ಹೂಂ ಹೂಂ, ಹೋಗು ಮರಿ, ಜೋಪಾನ" ಎಂದ ಬನ್ನಣ್ಣ, ಎಲೆಯಿಂದ ಕಣ್ಣು ತೆಗೆಯದೆ. "ಅಮ್ಮಾ, ನೇರಳೆ ಬಣ್ಣ! ನೇರಳೆ!"

"ಶಭಾಷ್!" ಎಂದು ಗಿಡದಮ್ಮ ಚಪ್ಪಾಳೆ ತಟ್ಟಿದರು. ಬನ್ನಣ್ಣನಿಗೆ ಆದ ಆನಂದ ಅಷ್ಟಿಷ್ಟಲ್ಲ. ಜೀವಮಾನದಲ್ಲಿ ಮೊದಲ ಸಲ ಅವನ ಒಂದು ಉತ್ತರ ಸರಿಯಾಗಿತ್ತು.

ಆ ಹೊತ್ತಿಗೆ ಮೊಬೈಲ್ ಅಂಗಡಿಯ ಭಾಮೈದ, ಅಂದರೆ ಹೆಂಡತಿಯ ತಮ್ಮ, ಒಂದು ಟ್ಯಾಬ್ಲೆಟ್ಟು ಎದೆಗವಚಿಕೊಂಡು ನುಗ್ಗಿದ.

"ಭಾವಾ, ಎಲೆ ಗಿಲೆ ಎಲ್ಲ ಪಕ್ಕಕ್ಕಿಡಿ! ಇದು ಇಡೀ ಕುಟುಂಬದ ತಲೆ ಅಳೆಯತ್ತೆ. ಅಳೆದು, ಹೊಂದೋ ಪಠ್ಯಕ್ರಮ ಅದೇ ಹೇಳತ್ತೆ. ಮಗು ಎಲ್ಲಿ?"

"ಹೊರಗಡೆ ಪಾಠ ಕಲೀತಿದೆ" ಎಂದರು ಗಿಡದಮ್ಮ ಹೆಮ್ಮೆಯಿಂದ.

"ಸರಿ, ನಿಮ್ಮಿಂದಾನೇ ಶುರು ಮಾಡೋಣ ಭಾವ."

ಪರದೆಯ ಮೇಲೆ ಟೋಪಿ ಹಾಕಿದ ಗಿಳಿಯೊಂದು ಕುಣಿಯಿತು. ಅದು ತ್ರಿಕೋನ ತೋರಿಸಿ ಏನೋ ಕೇಳಿತು. ಬನ್ನಣ್ಣ ಒತ್ತಿದ. "ಅಯ್ಯೋ, ತಪ್ಪು!" ಎಂದಿತು ಗಿಳಿ. ಮತ್ತೆ ಒತ್ತಿದ. "ಅಯ್ಯೋ, ತಪ್ಪು!" ಮೇಷ್ಟ್ರು "ಎಡಗಡೇದು ಒತ್ತೋ ದಡ್ಡಾ" ಎಂದು ತಾವೇ ಕೈ ಹಾಕಿದರು. "ಅಯ್ಯೋ, ತಪ್ಪು!" ಎಂದಿತು ಅದು ಮೇಷ್ಟ್ರಿಗೂ. ಮೂವತ್ತೈದು ವರ್ಷ ಪಾಠ ಹೇಳಿದ ಮೇಷ್ಟ್ರ ಮೂಗು ಕೆಂಪಗಾಯಿತು. ಕೊನೆಗೆ ಗಿಳಿ ರೆಕ್ಕೆ ಬಡಿದು ತೀರ್ಪು ಕೊಟ್ಟಿತು: "ಅಭಿನಂದನೆಗಳು! ನಿಮ್ಮ ಕುಟುಂಬ ಶಿಶುವಿಹಾರಕ್ಕೆ ಆಯ್ಕೆಯಾಗಿದೆ!"

ಅಲ್ಲಿಂದ ಶುರುವಾಯಿತು ನೋಡಿ ಜಗಳ! ಗಿಳಿಗೇ ಮೊದಲು ಪಾಠ ಹೇಳಬೇಕೆಂದು ಮೇಷ್ಟ್ರು, ಗಿಳಿಯನ್ನು ಡಬ್ಬಿಯಲ್ಲಿ ಕೂಡಿಹಾಕಿದ್ದೇ ತಪ್ಪೆಂದು ಗಿಡದಮ್ಮ, ಇಬ್ಬರಿಗೂ ಕಾಲ ಗೊತ್ತಿಲ್ಲವೆಂದು ಭಾಮೈದ. ನಡುವೆ ಬನ್ನಣ್ಣ. ರಾತ್ರಿಯಿಡೀ ಹಿಟ್ಟು ನಾದಿದ ಮೈ, ರೆಪ್ಪೆ ಮುಚ್ಚಿರಲಿಲ್ಲ. ಗಲಾಟೆ ಅವನಿಗೆ ಜೋಗುಳದ ಹಾಗೆ ಕೇಳತೊಡಗಿತು. ಕುಂಡದ ಪಕ್ಕಕ್ಕೆ ತಲೆಯಿಟ್ಟು ಗೊರಕೆ ಹೊಡೆದೇಬಿಟ್ಟ. ನಡುವೆ ಪಾಂ ಪಾಂ ಕೇಳಿದಾಗೆಲ್ಲ ನಿದ್ದೆಗಣ್ಣಲ್ಲೇ ಎದ್ದು ಕಿಟಕಿಗೆ ಹೋಗಿ, ಹೆಬ್ಬೆರಳು ತೋರಿಸಿ, ಬಂದು ಮತ್ತೆ ಮಲಗುತ್ತಿದ್ದ.

ನಾಲ್ಕು ಗಂಟೆಗೆ ಎಚ್ಚರಾದಾಗ ಜಗಳ ಮುಗಿದು ಮೂವರೂ ಚಹಾ ಕುಡಿಯುತ್ತಿದ್ದರು. ಬನ್ನಣ್ಣ ಮೈಮುರಿದು, "ಮರೀ, ಬಾ ಇಲ್ಲಿ. ನಾವಿಬ್ರೇ ಕೂತು ಆರಿಸೋಣ" ಎಂದು ಕರೆದ.

ಒಳಕೋಣೆಗೆ ಹೋಗಿ ನೋಡಿ ಬಂದು, ಗಿಡದಮ್ಮನ ಕಡೆ ತಿರುಗಿದ.

"ನಿಮ್ಮ ಹತ್ರ ಅಲ್ವಾ ಇದ್ದಿದ್ದು ಅಮ್ಮಾ? ಸಸಿ ನೋಡ್ತಾ?"

"ನನ್ನ ಹತ್ರ ಎಲ್ಲಪ್ಪ! ನಾನು ಬೆಳಿಗ್ಗೆಯಿಂದ ಇಲ್ಲೇ ಇದೀನಿ. ಮೇಷ್ಟ್ರ ಮನೇಲಿ ಮಗ್ಗಿ ಬರೀತಿದಾಳೇನೋ ಅಂದ್ಕೊಂಡೆ."

"ನಾನು ಇವನ ಅಂಗಡೀಲಿದಾಳೆ ಅಂದ್ಕೊಂಡೆ" ಎಂದರು ಮೇಷ್ಟ್ರು. ಭಾಮೈದ ಟ್ಯಾಬ್ಲೆಟ್ಟು ಎದೆಗವಚಿಕೊಂಡು ಎದ್ದ.

ನಾಲ್ವರೂ ಮೆಟ್ಟಿಲು ಹಾರಿಕೊಂಡು ಇಳಿದರು. ಗಿಡದಮ್ಮ ಒಂದೊಂದು ಕುಂಡದ ಹಿಂದೆಯೂ ನೋಡಿದರು. ಮೇಷ್ಟ್ರು ಗಂಟೆ ಬಾರಿಸುತ್ತ ಬೀದಿಯುದ್ದ ಓಡಿದರು. ಬೆಂಕಿ ಬಿದ್ದಿದೆಯೆಂದು ಇಬ್ಬರು ನೀರಿನ ಬಕೆಟ್ಟು ತಂದರು. ಭಾಮೈದ ಗಾಬರಿಯಲ್ಲಿ ಗಿಳಿಯನ್ನೇ ಕೇಳಿದ. ಅದು "ಮತ್ತೆ ಪ್ರಯತ್ನಿಸಿ!" ಎಂದಿತು. ಬನ್ನಣ್ಣ ಶಾಲೆಯ ಬೀಗ ಹಾಕಿದ ಗೇಟು ಅಲುಗಿಸಿ ನೋಡಿ, ಬೇಕರಿಯ ಹಿಟ್ಟಿನ ಮೂಟೆ ಸರಿಸಿ ನೋಡಿ, ಏದುಸಿರು ಬಿಡುತ್ತ ಮನೆಗೆ ಬಂದ. ಮಗಳ ಜೊತೆ ಒಂದು ದಿನ ಕಳೆಯಬೇಕೆಂದು ಹೊರಟು, ಮಗಳನ್ನೇ ಕಳೆದೆನಲ್ಲ ಎಂದು ಹಣೆ ಚಚ್ಚಿಕೊಂಡ.

ಪಾಂ ಪಾಂ!

ಹೆಬ್ಬೆರಳು ತೋರಿಸದಿದ್ದರೆ ಅವಳು ಮೇಲೆ ಬರುತ್ತಾಳೆ. ಬರಲಿ, ಹೇಳಿಯೇಬಿಡೋಣ ಎಂದುಕೊಂಡು ಕಿಟಕಿಗೆ ಹೋದ. ಆದರೆ ಆ ಅಭ್ಯಾಸದ ಬೆರಳು ಯಜಮಾನನನ್ನು ಕೇಳದೆ ತಾನೇ ಮೇಲೆದ್ದಿತು. ಕೆಳಗಿನಿಂದ, ಅದುವರೆಗೂ ಇಲ್ಲದ್ದು, ಹೆಂಡತಿಯ ಹೆಬ್ಬೆರಳೂ ಮೇಲೆದ್ದು ಅಲ್ಲಾಡಿತು. ಬಸ್ಸು ಹೋಯಿತು.

"ನನ್ನ ಮೇಲೆ ಎಷ್ಟು ನಂಬಿಕೆ ನೋಡಿ ಅವಳಿಗೆ" ಎಂದು ಬನ್ನಣ್ಣ ನೆಲಕ್ಕೆ ಕುಸಿದು ಅತ್ತೇಬಿಟ್ಟ.

ಆರಕ್ಕೆ ಪೊಲೀಸ್ ಠಾಣೆಗೆ ಹೊರಡಲು ನಾಲ್ವರೂ ಚಪ್ಪಲಿ ಮೆಟ್ಟುತ್ತಿದ್ದಾಗ ಬಾಗಿಲು ತೆರೆಯಿತು. ಹೆಂಡತಿ. ಅವಳ ಕೈ ಹಿಡಿದು, ಬೆವರಿ ಕೆಂಪಾದ ಮುಖದ ಮಗಳು.

ಬನ್ನಣ್ಣ ಮಗಳನ್ನು ಬಾಚಿ ತಬ್ಬಿಕೊಂಡ. ಹೋದ ಜೀವ ಬಂದಂತಾಯಿತು.

"ರೀ, ಎಂಥಾ ಐಡಿಯಾರೀ ನಿಮ್ಮದು!" ಎಂದಳು ಹೆಂಡತಿ. ಅವಳ ಕಣ್ಣು ಫಳಫಳ ಹೊಳೆಯುತ್ತಿತ್ತು. "ಬೆಳಿಗ್ಗೆ ಮನೆ ಮುಂದಿನ ಸ್ಟಾಪಲ್ಲಿ ನಿಂತಿದಾಳೆ! ಯಾಕೇ ಅಂದ್ರೆ, 'ಮನಸ್ಸು ಎಳೆಯೋ ಕಡೆ ಹೋಗು ಅಂತ ಅಪ್ಪ ಕಳಿಸಿದ್ರು' ಅಂತಾಳೆ. ಮೇಲೆ ನೋಡಿದ್ರೆ ನೀವು ಹೆಬ್ಬೆರಳು ತೋರಿಸ್ತಿದೀರ! ಆಗಲೇ ಅರ್ಥ ಆಯ್ತು ನನಗೆ. ಇಡೀ ದಿನ ಬಸ್ಸಲ್ಲೇ ಇದ್ಲು ಕಣ್ರೀ. ಟಿಕೆಟ್ ಲೆಕ್ಕ ಕಂಡಕ್ಟರ್‌ಗಿಂತ ಮುಂಚೆ ಹೇಳ್ತಾಳೆ. ಬೋರ್ಡು ಒಂದನ್ನೂ ಬಿಡದೆ ಓದ್ತಾಳೆ. ಇದಕ್ಕಿಂತ ಹೊಂದೋ ಪಠ್ಯಕ್ರಮ ಬೇಕಾ? ಡಿಪೋ ಸಾಹೇಬರನ್ನೂ ಕೇಳಿದೆ, ಪಾಸ್ ಮಾಡಿಸಿಕೊಡ್ತಾರಂತೆ. ಸೋಮವಾರದಿಂದ ಬೆಳಿಗ್ಗೆ ಆರಕ್ಕೇ ನನ್ನ ಜೊತೆ!"

"ಆರಕ್ಕೆ... ನಿನ್ನ ಜೊತೆ..."

"ಅಪ್ಪಾ, ಅಮ್ಮನ ಹಿಂದಿನ ಸೀಟು ನಂದೇ ಅಂತೆ!" ಎಂದು ಮಗಳು ಕುಣಿದಳು.

ಬನ್ನಣ್ಣ ಬಾಯಿ ತೆರೆದ. ನಾನು ಕಳಿಸಲಿಲ್ಲ ಕಣೇ, ಕಳೆದಿದ್ದೆ ಎಂದು ನಿಜ ಹೇಳಿದರೆ ಮಗಳು ಸೋಮವಾರ ಶಾಲೆಗೆ, ತನ್ನ ಗತಿ ದೇವರಿಗೇ ಗೊತ್ತು. ಹೇಳದಿದ್ದರೆ ಮಗಳು ಸೋಮವಾರ ಬಸ್ಸಿಗೆ. ಎರಡರಲ್ಲೂ ತನಗೆ ಸಿಗುವುದು ಅವಳ ಬೆನ್ನೇ.

ಹೆಂಡತಿ ದನಿ ತಗ್ಗಿಸಿದಳು. "ನನಗೂ ಮಗಳ ಮುಖ ನೋಡೋಕೆ ಪುರುಸೊತ್ತು ಎಲ್ಲಿತ್ತು ಹೇಳಿ? ಅದನ್ನ ನೀವು ಗಮನಿಸಿದ್ರಲ್ಲ, ಅದು ದೊಡ್ಡದು. ಅಲ್ಲಾ, ನಿಮ್ಮ ಕಣ್ಣು ಯಾಕೆ ಕೆಂಪಗಿದೆ? ಇವರೆಲ್ಲ ಯಾಕೆ ಚಪ್ಪಲಿ ಹಾಕಿದಾರೆ?"

ಗಂಟೆ ಮೇಷ್ಟ್ರು ಮುಂದೆ ಬಂದರು. "ಪಾಠ ಜೋರಾಗಿ ನಡೀತಮ್ಮ. ನಿನ್ನ ಗಂಡನಿಗೆ ಕಲಿಯೋ ಹುಮ್ಮಸ್ಸು ಬಹಳ" ಎಂದು ಹೇಳಿ, ಬನ್ನಣ್ಣನ ಭುಜ ಒತ್ತಿ ಕಿವಿಯಲ್ಲಿ ಉಸುರಿದರು: "ನಾವು ಮೂವರೂ ಬಾಯಿ ಬಿಡಲ್ಲ. ಸೋಮವಾರ ಒಂಬತ್ತಕ್ಕೆ ಮೇಜಿನ ಹತ್ರ ಇರು."

ಸೋಮವಾರ ಒಂಬತ್ತಕ್ಕೆ ಢಣ್ ಎಂದಿತು. ಬನ್ನಣ್ಣನ ಎಡಕ್ಕೆ ಕುಂಡ, ಬಲಕ್ಕೆ ಗಿಳಿ, ಎದುರಿಗೆ ಮೇಷ್ಟ್ರು. ಹದಿನೇಳೊಂಬತ್ತು ಎಷ್ಟೆಂದು ಅವರು ಕೇಳುತ್ತಿದ್ದಂತೆ ಕೆಳಗೆ ಪಾಂ ಪಾಂ ಎಂದಿತು. ಬನ್ನಣ್ಣ ಎದ್ದು ಕಿಟಕಿಗೆ ಓಡಿದ. ಡ್ರೈವರ್ ಕೈಯ ಹಿಂದಿನ ಕಿಟಕಿಯಿಂದ ಇನ್ನೊಂದು ಪುಟ್ಟ ಕೈ ಹೊರಗೆ ಬಂದು ಹೆಬ್ಬೆರಳು ತೋರಿಸಿತು. ಅವನೂ ತೋರಿಸಿದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಬೆರಳು ಇಳಿಸಲಿಲ್ಲ.

"ಬನ್ನಣ್ಣ! ಪಾಠದ ಹೊತ್ತಲ್ಲಿ ಕಿಟಕಿ ಆಚೆ ನೋಡಬಾರದು. ಎದ್ದು ನಿಂತ್ಕೋ!"

"ನಿಂತೇ ಇದೀನಿ ಮೇಷ್ಟ್ರೇ" ಎಂದ ಬನ್ನಣ್ಣ.