ರಾಷ್ಟ್ರಪತಿ ಭವನದ ದುಡಿ, ನಾಣಯ್ಯನವರ ಎರಡು ಗುಂಡು

ನಾಣಯ್ಯನವರ ಮುತ್ತಜ್ಜ ಮುತ್ತ ಎಂಬವರು ಕೊಡಗಿನ ಆ ಸೀಮೆಗೆ ಮೊದಲ ಗ್ರಾಮಫೋನನ್ನು ತಲೆಯ ಮೇಲೆ ಹೊತ್ತು ತಂದವರು. ಕೇರಳ ಗಡಿಯ ಕುಟ್ಟದಿಂದ ನಡೆದೇ ಬಂದರಂತೆ. ದಾರಿಯಲ್ಲಿ ಒಂಟಿ ಸಲಗ ಅಡ್ಡ ನಿಂತಾಗ ಓಡಲಿಲ್ಲ. ಪೆಟ್ಟಿಗೆ ಇಳಿಸಿ, ಕೀಲಿ ಕೊಟ್ಟು, ಒಂದು ಹಾಡು ಹಾಕಿದರು. ಆನೆ ಪೂರ್ತಿ ಕೇಳಿ ಹೊರಟುಹೋಯಿತು! ಅವರ ಮೊಮ್ಮಗ, ಅಂದರೆ ನಾಣಯ್ಯನವರ ತಂದೆ, ರೇಡಿಯೋ ಕೇಳಲೆಂದು ಅರವತ್ತು ಅಡಿಯ ಸಿಲ್ವರ್ ಓಕ್ ಮರ ಹತ್ತಿ ತಾವೇ ಏರಿಯಲ್ ಕಟ್ಟಿದವರು. ಹತ್ತುವಾಗ ಯಾರ ಸಹಾಯವನ್ನೂ ಕೇಳಲಿಲ್ಲ. ಇಳಿಯುವಾಗಲೂ ಕೇಳಲಿಲ್ಲ, ಎಣಿಸಿದ್ದಕ್ಕಿಂತ ಸ್ವಲ್ಪ ಬೇಗ ಇಳಿದರು, ಅಷ್ಟೇ. ಮುರಿದ ಕಾಲು ಮೂರು ತಿಂಗಳಲ್ಲಿ ಕೂಡಿಕೊಂಡಿತು.

ಇಂಥ ವಂಶದಲ್ಲಿ ಹುಟ್ಟಿದ ನಾಣಯ್ಯನವರು ಇನ್ನೊಬ್ಬರ ಕೈ ಕಾಯುವುದುಂಟೆ? ಹನ್ನೆರಡನೆಯ ವಯಸ್ಸಿನಲ್ಲೇ ಅಪ್ಪನ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಿದ್ದರು. ನಾಲ್ಕು ಸ್ಕ್ರೂ ಉಳಿದವು. ಆದರೂ ರೇಡಿಯೋ ಹಾಡಿತು. ಸ್ಕ್ರೂ ಎನ್ನುವುದು ಕಂಪನಿಯವರ ದುಂದುವೆಚ್ಚ ಎಂಬ ಸಿದ್ಧಾಂತ ಅಂದು ಹುಟ್ಟಿದ್ದು, ಎಪ್ಪತ್ತೆರಡು ದಾಟಿದರೂ ಅಳಿಯಲಿಲ್ಲ.

ಈ ಸಿದ್ಧಾಂತಕ್ಕೆ ಪರೀಕ್ಷೆ ಬಂದದ್ದು ಮೊಮ್ಮಗಳು ಧನುಶ್ರೀಯಿಂದ. ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಸಂಗೀತ ಸಂಜೆ. ನಾನಾ ರಾಜ್ಯಗಳ ವಾದ್ಯಗಳು. ಟಿವಿಯಲ್ಲಿ ನೇರ ಪ್ರಸಾರ! ಅದರಲ್ಲಿ ಕೊಡಗಿನ ತಂಡಕ್ಕೆ ನಾಲ್ಕು ನಿಮಿಷ, ಆ ತಂಡದಲ್ಲಿ ದುಡಿ ಬಾರಿಸುವವಳು ಧನುಶ್ರೀ. ನಡು ಸಣ್ಣಗಿರುವ ಆ ಪುಟ್ಟ ವಾದ್ಯವನ್ನು ಅವಳಿಗೆ ಕಲಿಸಿದ್ದು ಅಜ್ಜನೇ. ಅಂದು ನೆರೆಮನೆಯ ಪೂವಯ್ಯ, "ಹೆಣ್ಣುಮಕ್ಕಳಿಗೆ ಎಂತಕ್ಕೆ ಮಾರಾಯ ದುಡಿ?" ಎಂದು ಎಲ್ಲರೆದುರು ನಕ್ಕಿದ್ದರು. ಆ ನಗು ಹತ್ತು ವರ್ಷದಿಂದ ನಾಣಯ್ಯನವರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಹೊರಡುವ ಮುಂಚೆ ಧನುಶ್ರೀ ಫೋನಿನಲ್ಲಿ ಹೇಳಿದ್ದಳು: "ಅಜ್ಜ, ಕೊನೆಗೆ ನೀವು ಕಲಿಸಿದ ಮೂರು ಪೆಟ್ಟು ಹಾಕ್ತೇನೆ. ಸರಿ ಬಂತಾ ಇಲ್ವಾ ಅಂತ ನೀವೇ ಹೇಳ್ಬೇಕು. ಬೇರೆ ಯಾರು ಹೇಳಿದ್ರೂ ನಾನು ನಂಬುದಿಲ್ಲ."

ನಾಣಯ್ಯನವರು ಊರಿಗೆಲ್ಲ ಸಾರಿದರು. "ಸಂಜೆ ಆರಕ್ಕೆ ನಮ್ಮಲ್ಲಿಗೇ ಬನ್ನಿ! ಕಾಫಿ ಉಂಟು, ಕಡಂಬಿಟ್ಟು ಉಂಟು, ರಾಷ್ಟ್ರಪತಿ ಭವನ ಉಂಟು!"

ಇಲ್ಲದ್ದು ಒಂದೇ. ಟಿವಿಯಲ್ಲಿ ಚಿತ್ರ. ಹಿಂದಿನ ವಾರದ ಗಾಳಿಗೆ ಹೆಂಚಿನ ಮಾಡಿನ ಮೇಲಿನ ಡಿಶ್ ಅಲುಗಿತ್ತು.

"ಅಮ್ಮತ್ತಿಯಿಂದ ಆ ನವೀನನ್ನ ಕರೀರಿ. ಇದು ಮಗುವಿನ ವಿಷಯ," ಎಂದರು ಹೆಂಡತಿ ಯಮುನ. ನವೀನ ಅಮ್ಮತ್ತಿ ಪೇಟೆಯಲ್ಲಿ ಡಿಶ್ ಕೂರಿಸುವ ಕೆಲಸದವನು.

"ಅವ ಎಂತಕ್ಕೆ? ಡಿಶ್ಶಿಗೆ ಬೇಕಾದ್ದು ಆಕಾಶ. ಅದು ನಮ್ಮಲ್ಲೇ ಉಂಟಲ್ಲ!"

"ಆಕಾಶ ಉಂಟು. ಅದನ್ನೇ ನೋಡ್ತಾ ಕೂರುವ ಹಾಗಾಗ್ಬಾರ್ದು."

ನಾಣಯ್ಯನವರು ಏಣಿ ಹತ್ತಿದರು. ಡಿಶ್ಶನ್ನು ತಿರುಗಿಸಿ, ಕಳಚಿದ ಬೋಲ್ಟಿನ ಬದಲು ಹಳೆಯ ಸೈಕಲ್ ಟ್ಯೂಬಿನಿಂದ ಬಿಗಿದರು. ಚಿತ್ರ ಬಂತು! ಕನ್ನಡಿಯ ಹಾಗೆ ಬಂತು! ಅವರು ಮೀಸೆ ತಿರುವುತ್ತಾ ಇಳಿದರು.

ಸಂಜೆ ಆರಕ್ಕೆ ಹತ್ತು ಹನ್ನೆರಡು ಜನ ಬಂದರು. ಉಳಿದವರಲ್ಲಿ ಅರ್ಧ ಜನ ಪೂವಯ್ಯನ ಮನೆಯ ದೊಡ್ಡ ಟಿವಿಯ ಮುಂದೆ ಕೂತಿದ್ದರು. "ನಾಣಯ್ಯನ ಟ್ಯೂಬು ನಂಬಿ ನಾನು ಬರುದಿಲ್ಲ," ಎಂದು ಪೂವಯ್ಯ ಹೇಳಿಕಳಿಸಿದ್ದರು. ನವೀನನೂ ಬಂದು ಮೂಲೆಯಲ್ಲಿ ಕೂತಿದ್ದ. ಅವನ ಜೇಬಿನಿಂದ ಇಣುಕುತ್ತಿದ್ದ ಸ್ಪ್ಯಾನರನ್ನು ನಾಣಯ್ಯನವರು ನೋಡಿಯೂ ನೋಡದಂತಿದ್ದರು.

ಪರದೆಯ ಮೇಲೆ ರಾಷ್ಟ್ರಪತಿ ಭವನ ಝಗಝಗಿಸಿತು. ಒಬ್ಬರು ಸಾರಂಗಿ ನುಡಿಸಿದರು, ಇನ್ನೊಬ್ಬರು ಕೊಳಲೂದಿದರು. "ಮುಂದಿನದು ಕೊಡಗಿನ ತಂಡ," ಎಂದಿತು ಟಿವಿ. ಕುಪ್ಪಸವೆಂಬ ಕಪ್ಪು ನಿಲುವಂಗಿ ತೊಟ್ಟವರು ಸಾಲಾಗಿ ಬಂದರು, ಕೊನೆಯಲ್ಲಿ ಕೆಂಪು ವಸ್ತ್ರ ಕಟ್ಟಿದ ಧನುಶ್ರೀಯ ತಲೆ ಕಂಡಿತು, ಅಷ್ಟೇ! ಚಿತ್ರ ಚೌಕಚೌಕವಾಗಿ ಒಡೆದು ನಿಂತಿತು.

ಓಡಿ ಅಂಗಳಕ್ಕೆ ಬಂದರೆ, ಡಿಶ್ಶಿನ ಮೇಲೆ ಒಂದು ಗಂಡು ಕೋತಿ. ಸಿಂಹಾಸನದಲ್ಲಿ ಕೂತ ಅರಸನ ಹಾಗೆ ಕೂತು ಸೈಕಲ್ ಟ್ಯೂಬನ್ನು ಕಚ್ಚಿ ರುಚಿ ನೋಡುತ್ತಿದೆ!

"ಅಜ್ಜ, ನಾನು ಹತ್ತುತ್ತೇನೆ, ಒಂದೇ ನಿಮಿಷ," ಎಂದ ನವೀನ.

"ನೀನು ಕಡಂಬಿಟ್ಟು ತಿನ್ನು!" ಎಂದವರೇ ನಾಣಯ್ಯನವರು ಗೋಡೆಯ ಜೋಡುನಳಿಗೆ ಕೋವಿಯನ್ನು ಹೆಗಲಿಗೇರಿಸಿ ಏಣಿ ಹತ್ತಿದರು. ಮಾಡಿನ ನೆತ್ತಿಯಲ್ಲಿ ಕುದುರೆ ಸವಾರನ ಹಾಗೆ ಕೂತು ಆಕಾಶಕ್ಕೆ ಒಂದು ಗುಂಡು ಹಾರಿಸಿದರು. ಢಂ!

ಕೋತಿ ನೆಗೆಯಿತು. ನೆಗೆಯುವಾಗ ಡಿಶ್ಶನ್ನೇ ಒದ್ದು ನೆಗೆಯಿತು. ಟ್ಯೂಬು ಕಿತ್ತುಬಂತು, ಡಿಶ್ ಗರ್ರನೆ ತಿರುಗಿ ಹೆಂಚಿಗೆ ಮುಖ ಹಾಕಿ ಮಲಗಿತು.

"ಇದ್ದದ್ದೂ ಹೋಯ್ತು!" ಒಳಗಿನಿಂದ ಯಮುನರ ಕೂಗು.

ನಾಣಯ್ಯನವರ ಕೋಪ ನೆತ್ತಿಗೇರಿತು. ಓಡುವ ಕೋತಿಗೆ ಕೇಳಲೆಂದು ಇನ್ನೊಂದು ನಳಿಗೆಯನ್ನೂ ಆಕಾಶಕ್ಕೆ ಖಾಲಿ ಮಾಡಿದರು. ಢಂ!

ಆ ಸದ್ದು ಬೆಟ್ಟಕ್ಕೆ ಬಡಿದು ಮರಳಿ ಬರುವಾಗ ತಾವು ಮಾಡಿದ್ದೇನೆಂದು ಅವರಿಗೆ ಹೊಳೆಯಿತು. ಕೊಡಗಿನಲ್ಲಿ ಕೋವಿಗೂ ಭಾಷೆ ಉಂಟು. ಒಂದು ಗುಂಡು ಹಾರಿದರೆ ಆ ಮನೆಯಲ್ಲಿ ಗಂಡು ಮಗು ಹುಟ್ಟಿತು ಎಂದರ್ಥ. ಒಂದರ ಹಿಂದೆ ಒಂದು, ಎರಡು ಹಾರಿದರೆ, ಸಾವು.

ಪೂವಯ್ಯನ ಮನೆಯ ಟಿವಿ ಆ ಕ್ಷಣವೇ ಆರಿತು. ಸಾವಿನ ಸದ್ದು ಕೇಳಿದ ಮೇಲೆ ಯಾರು ಟಿವಿ ನೋಡುತ್ತಾರೆ? ಮನೆಮನೆಯ ಟಿವಿಯೂ ಆರಿತು. ಮಾಡಿನ ಮೇಲಿಂದ ನಾಣಯ್ಯನವರು ನೋಡುತ್ತಲೇ ಇದ್ದರು: ಕಾಫಿ ತೋಟದ ನಡುವಿನ ದಾರಿಗಳಲ್ಲಿ ಸಾವಿನ ಮನೆಗೆಂದು ಬಿಳಿ ಬಟ್ಟೆ ಉಟ್ಟವರು ಸಾಲುಸಾಲಾಗಿ ಓಡಿ ಬರುತ್ತಿದ್ದಾರೆ! ಇಳಿಯೋಣವೆಂದರೆ ಅವರೆಲ್ಲರ ಎದುರಿಗೇ ಇಳಿಯಬೇಕು. ಹೆಂಚಿನೊಳಗೆ ಹುದುಗಿಕೊಳ್ಳುವ ವಿದ್ಯೆಯನ್ನು ವಂಶದಲ್ಲಿ ಯಾರೂ ಕಲಿಸಿರಲಿಲ್ಲ.

ಎಲ್ಲರಿಗಿಂತ ಮುಂದೆ ಪೂವಯ್ಯ. ಅಂಗಳಕ್ಕೆ ಬಂದವರೇ ತಲೆ ತಗ್ಗಿಸಿ ಅಳತೊಡಗಿದರು.

"ಎಂಥಾ ಮನುಷ್ಯ! ಯಾರ ಮಾತೂ ಕೇಳ್ತಿರ್ಲಿಲ್ಲ, ಆದ್ರೆ ಎಂಥಾ ಮನುಷ್ಯ!"

"ಯಾರು ಸತ್ತದ್ದು?" ಎಂದು ಮೇಲಿನಿಂದ ಸಣ್ಣ ದನಿ ಬಂತು.

"ನಾಣಯ್ಯ," ಎಂದರು ಪೂವಯ್ಯ, ಕಣ್ಣೊರೆಸಿಕೊಳ್ಳುತ್ತಾ. ಆಮೇಲೆ ಕತ್ತೆತ್ತಿದರು. "ಅಯ್ಯೋ! ಇಲ್ಲೇ ಇದ್ದೀಯಲ್ಲ!"

ಅಷ್ಟರಲ್ಲಿ ಯಮುನರ ಫೋನು ಬಡಿದುಕೊಂಡಿತು. ಬೆಟ್ಟಗಳ ನಡುವಿನ ಆ ತಗ್ಗಿನಲ್ಲಿ ಫೋನಿಗೆ ಮಾತಾಡುವಷ್ಟು ಸಿಗ್ನಲ್ ಸಿಗುತ್ತದೆ, ಟಿವಿ ನೋಡುವಷ್ಟು ಸಿಗುವುದಿಲ್ಲ. ಅವರು ಸ್ಪೀಕರ್ ಹಾಕಿ ಮಾಡಿನತ್ತ ಎತ್ತಿ ಹಿಡಿದರು. ಧನುಶ್ರೀ ಏದುಸಿರು ಬಿಡುತ್ತಿದ್ದಳು.

"ಅಜ್ಜ! ಆಯ್ತು! ಕೊನೆಯ ಮೂರು ಪೆಟ್ಟು ಸರಿ ಬಂತಾ?"

ಅಂಗಳದ ಐವತ್ತು ಜನ ಕತ್ತೆತ್ತಿ ಮಾಡಿನತ್ತ ನೋಡಿದರು. ಸರಿ ಬಂತು ಎಂದುಬಿಟ್ಟರೆ ಮುಗಿಯುತ್ತಿತ್ತು. ಅದನ್ನು ಹೇಳಲೆಂದೇ ನಾಣಯ್ಯನವರು ಬಾಯಿ ತೆರೆದರು. ಆದರೆ ದುಡಿಯ ಬಗ್ಗೆ ಅವರು ಆ ಹುಡುಗಿಗೆ ಈವರೆಗೆ ಒಂದೂ ಸುಳ್ಳು ಹೇಳಿರಲಿಲ್ಲ.

"ನಾನು ನೋಡ್ಲಿಲ್ಲ ಕೂಸೇ."

"ನೋಡ್ಲಿಲ್ವಾ?" ದನಿ ಇಳಿಯಿತು. "ಹೋಗ್ಲಿ, ಊರವರು ನೋಡಿದ್ದಾರಲ್ಲ. ಪೂವಯ್ಯಜ್ಜನ ಕೇಳಿ."

ನಾಣಯ್ಯನವರು ಪೂವಯ್ಯನತ್ತ ನೋಡಿದರು. ಹತ್ತು ವರ್ಷದ ಹಿಂದೆ ನಕ್ಕಿದ್ದ ಮನುಷ್ಯ ಈಗ ನಗಲಿಲ್ಲ; ನೆಲ ನೋಡಿದರು. "ಶುರು ಮಾಡುದನ್ನ ನೋಡಿದೆ ಮಗಳೇ, ಚಂದ ಇತ್ತು. ಆಮೇಲೆ ನಿನ್ನಜ್ಜ ಸತ್ತ."

"ಎಂತ!"

"ಸಾಯ್ಲಿಲ್ಲ. ಮಾಡಿನ ಮೇಲೆ ಕೂತಿದ್ದಾನೆ."

ಯಮುನ ಮೊಮ್ಮಗಳಿಗೆ ನಡೆದದ್ದನ್ನೆಲ್ಲ ಹೇಳಿದರು. ಸೈಕಲ್ ಟ್ಯೂಬನ್ನೂ ಬಿಡಲಿಲ್ಲ. "ದೇಶವೆಲ್ಲ ನಿನ್ನನ್ನ ನೋಡಿತು ಕೂಸೇ. ನಮ್ಮೂರು ಮಾತ್ರ ನೋಡದ ಹಾಗೆ ನಿನ್ನಜ್ಜ ಒಬ್ರೇ ಮಾಡಿದ್ರು, ಯಾರ ಸಹಾಯವೂ ಇಲ್ದೆ!"

ಫೋನಿನಲ್ಲಿ, "ನವೀನಣ್ಣನ್ನ ಕರೆಯುದಲ್ವಾ ಅಜ್ಜ?" ಎಂದಷ್ಟೇ ಕೇಳಿಸಿತು. ಬೈದಿದ್ದರೆ ನಾಣಯ್ಯನವರಿಗೆ ಎಷ್ಟೋ ಹಿತವಾಗುತ್ತಿತ್ತು.

ನವೀನ ಬಂದು ಏಣಿಯ ಕಾಲು ಹಿಡಿದು ನಿಂತ. "ನಾಳೆ ಅಮ್ಮತ್ತಿಗೆ ಬನ್ನಿ ಅಜ್ಜ, ಆ ಕಾರ್ಯಕ್ರಮವನ್ನ ನೆಟ್ಟಿನಲ್ಲಿ ಹುಡುಕಿ ತೋರಿಸ್ತೇನೆ. ಈಗ ಇಳೀರಿ, ನಾನು ಹಿಡ್ಕೊಂಡಿದ್ದೇನೆ."

ನಾಣಯ್ಯನವರು ಖಾಲಿ ಕೋವಿಯನ್ನು ಮಡಿಲಲ್ಲಿಟ್ಟುಕೊಂಡು, ಕೆಳಗೆ ನಿಂತ ಬಿಳಿ ಬಟ್ಟೆಗಳನ್ನೊಮ್ಮೆ ನೋಡಿದರು. ಮುಖವನ್ನು ಡಿಶ್ಶಿನ ಹಾಗೆಯೇ ಹೆಂಚಿನತ್ತ ತಿರುಗಿಸಿಕೊಂಡರು.

"ಏಣಿ ಬಿಡು ನವೀನ, ಯಾರೂ ಹಿಡಿಯುದು ಬೇಡ. ಎಲ್ಲ ಕಾಫಿ ಕುಡ್ದು ಮನೆಗೆ ಹೋಗಿ. ಸತ್ತವನು ಆಮೇಲೆ ತಾನೇ ಇಳಿದು ಬರ್ತಾನೆ."