ಕಂಪ್ಲಿ ಆಗಮಿಸಲಿದ್ದಾರೆ

ನಾನು ಬರೆದ ಕನ್ನಡವನ್ನು ಯಾರಾದರೂ ತಿದ್ದಿದರೆ ಎರಡು ದಿನ ಅವರೊಂದಿಗೆ ಮಾತು ಬಿಡುವ ಸ್ವಭಾವ ನನ್ನದು. ಕನ್ನಡ ಎಂ.ಎ. ಮಾಡಿದವನಿಗೆ ಅಷ್ಟೂ ಹಕ್ಕಿಲ್ಲವೇ? ಹೊಸಪೇಟೆಯ ನಮ್ಮ ಸಣ್ಣ ಕಚೇರಿ ಆಟೋ ಕರೆಸುವ ಆ್ಯಪ್ ನಡೆಸುತ್ತದೆ. ಅದರ ಪರದೆಯಲ್ಲಿ ಕಾಣುವ ಕನ್ನಡವೆಲ್ಲ ನನ್ನದು. ಆ್ಯಪ್ ಕಟ್ಟುವವಳು ಭಾಗ್ಯ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು.

ಒಂದು ಬೆಳಿಗ್ಗೆ ಆಟೋ ಓಡಿಸುವ ಈರಣ್ಣ ಫೋನು ಹಿಡಿದು ನೇರ ನನ್ನ ಮೇಜಿಗೇ ಬಂದರು. ಅವರ ಪ್ರಯಾಣಿಕರಿಗೆ ಹೋದ ಸಂದೇಶ ಹೀಗಿತ್ತು: "ಈರಣ್ಣ ಬಳಿ ಕಾಯಿರಿ. ಕಂಪ್ಲಿ ಆಗಮಿಸಲಿದ್ದಾರೆ."

"ಕಂಪ್ಲಿ ಅನ್ನೂದು ಊರು ರೀ ಸರ್, ನಾ ಪಾಪಿನಾಯಕನಹಳ್ಳಿಯಾಂವ. ಸ್ಟ್ಯಾಂಡಿನ್ಯಾಗ ಎಲ್ಲಾರೂ ನನ್ನ ಕಂಪ್ಲಿ, ಕಂಪ್ಲಿ ಅಂತ ಕರಿಯಾಕ ಹತ್ಯಾರ. ನಿನ್ನೆ ಒಬ್ಬ ಅಮ್ಮ ಎಲ್ಲಿ ನಿಂದ್ರಬೇಕು ತಿಳೀದ ಬಸ್ ಹತ್ತಿ ಹೋದ್ಲು. ನನ್ನ ಬಾಡಿಗಿನೂ ಹೋತು."

ನಾನು ಉರಿದುಬಿದ್ದು ಭಾಗ್ಯಳನ್ನು ಕರೆದೆ. ಕನ್ನಡದ ವಾಕ್ಯವನ್ನು ಹೀಗೆ ಕೊಲ್ಲುವುದೇ? ಅವಳು ತಣ್ಣಗೆ ಹೇಳಿದಳು: "ಸರ್, ಮೊದಲ್ನೇ ಖಾಲಿ ಜಾಗಕ್ಕ ಹೆಸರು, ಎರಡನೇದಕ್ಕ ಊರು ಅಂತಿತ್ತು. ಇಂಗ್ಲಿಷಿನ್ಯಾಗ ಹಂಗ ಸರಿ ಇತ್ತು. ನೀವು ಕನ್ನಡದಾಗ ಊರು ಮೊದ್ಲು ತಂದ್ರಿ."

ಕನ್ನಡ ಹಾಗೆಯೇ ಇರುವುದು, ನಾನೇನು ಮಾಡಲಿ? ಅವಳು ವಾದಿಸಲಿಲ್ಲ. ಇದು ಹೆಸರಿನದು, ಇದು ಊರಿನದು ಎಂದು ಪ್ರತಿ ಖಾಲಿ ಜಾಗಕ್ಕೂ ಒಂದು ಜಾತಿ ಗೊತ್ತು ಮಾಡಿದಳು. ಹೆಸರಿನ ಜಾಗದಲ್ಲಿ ಊರು ಇಟ್ಟರೆ ಆ್ಯಪ್ ಸಿದ್ಧವಾಗುವುದೇ ಇಲ್ಲ. ಒಂದು ಸಂದೇಶ ಬರೆಯಲು ಮರೆತರೂ ಅಷ್ಟೆ. ಜೊತೆಗೆ ನನ್ನ ಪ್ರತಿ ವಾಕ್ಯಕ್ಕೂ ಒಂದು ಹೆಸರು, ಒಂದು ಊರು ತುಂಬಿ ನೋಡುವ ಪರೀಕ್ಷೆ. ನನಗೆ ಪರೀಕ್ಷೆ! ಅದೂ ಯಂತ್ರದಿಂದ! ಮೊದಲ ದಿನವೇ ಅದು ನನ್ನನ್ನು ನಾಲ್ಕು ವಾಕ್ಯಗಳಲ್ಲಿ ಫೇಲು ಮಾಡಿತು. ಹಲ್ಲು ಕಚ್ಚಿ ತಿದ್ದಿದೆ. ಕೊನೆಗೆ ಎಲ್ಲವೂ ಪಾಸಾದಾಗ ಈರಣ್ಣನವರನ್ನು ನಾನೇ ಕರೆಸಿ, ಕುರ್ಚಿ ಕೊಟ್ಟು, ಸಂದೇಶ ತೋರಿಸಿದೆ: "ಕಂಪ್ಲಿ ಬಳಿ ಕಾಯಿರಿ. ಈರಣ್ಣ ಆಗಮಿಸಲಿದ್ದಾರೆ."

ಅವರು ನಿಧಾನವಾಗಿ ಓದಿದರು. "ಹೆಸರು ಸರಿ ಐತ್ರಿ. ಆದ್ರ ನಾ ಬರಾಂವ ರೀ ಸರ್. ಆಗಮಿಸಾಕ ನಾನೇನು ಮಂತ್ರಿ ಏನ್ರಿ?"

ಪರೀಕ್ಷೆ ಪಾಸಾದ ಪದವಲ್ಲವೇ ಎಂಬ ಆಸೆಯಿಂದ ನಾನು ಭಾಗ್ಯಳ ಕಡೆ ನೋಡಿದೆ. "ಇದನ್ನ ನನ್ನ ಪರೀಕ್ಷೆ ಹಿಡಿಯಂಗಿಲ್ಲ ಸರ್," ಎಂದಳು.

'ಬರುತ್ತಾರೆ' ಎಂದು ತಿದ್ದಿದೆ. ಈಗ ನನ್ನ ಹೊಸ ವಾಕ್ಯಗಳನ್ನು ಮೊದಲು ಯಂತ್ರ ನೋಡುತ್ತದೆ, ಆಮೇಲೆ ಈರಣ್ಣ. ಯಂತ್ರದ ಮೇಲೆ ನನಗಿದ್ದ ಸಿಟ್ಟು ಇಳಿದಿದೆ. ಅದು ತಪ್ಪನ್ನಷ್ಟೇ ಹೇಳಿ ಸುಮ್ಮನಾಗುತ್ತದೆ, ಈರಣ್ಣ ನಗುತ್ತಾರೆ.